ಹೊಟ್ಟಿಗೂ ರತ್ನಕ್ಕೂ ನಡುವೆ

ಸಿರುಗುಪ್ಪ ತಾಲ್ಲೂಕಿನ ಕರೂರಿನ ಕಡೆಯವರಿಗೆ ಭತ್ತದ ಹೊಟ್ಟಿನ ಪರಿಚಯ ಹೇಳಬೇಕಾಗಿಲ್ಲ. ಅಕ್ಕಿ ಅಡಿಗೆಮನೆಗೆ ಸೇರಿದರೆ ಹೊಟ್ಟು ಒಲೆಗೆ ಸೇರುತ್ತದೆ. ಆ ಬೂದಿಯಲ್ಲಿ ನೂರಕ್ಕೆ ಸುಮಾರು 90 ಪಾಲು ಸಿಲಿಕ. ಭತ್ತದ ಗಿಡ ಅದನ್ನು ನೆಲದ ನೀರಿನೊಡನೆ ಹೀರಿ, ತನ್ನ ಸಿಪ್ಪೆಯಲ್ಲಿ ಸಂಗ್ರಹಿಸಿಡುತ್ತದೆ. ಹೀಗೆ ನೀರು ಬೆರೆತು ಗಟ್ಟಿಯಾದ ಸಿಲಿಕಕ್ಕೆ ಶಾಸ್ತ್ರಜ್ಞರು ಕೊಟ್ಟಿರುವ ಹೆಸರು ಓಪಲ್. ಉಂಗುರದಲ್ಲಿ ಕಾಮನಬಿಲ್ಲನ್ನು ತೋರುವ ಓಪಲ್ ರತ್ನವೂ ಇದೇ ದ್ರವ್ಯವೇ!

ಹಾಗಾದರೆ ಒಂದು ಬೂದಿಯಾಗಿ, ಇನ್ನೊಂದು ಒಡವೆಯಾದುದೇಕೆ?

ರತ್ನಗಳನ್ನು ಒಲವಿನಿಂದ ಸಂಗ್ರಹಿಸಿದ್ದ ಸರ್ ಸಿ. ವಿ. ರಾಮನ್ ಅವರು ಓಪಲಿನ ಬಣ್ಣದ ಗುಟ್ಟನ್ನು ಬೆಂಗಳೂರಿನಲ್ಲಿಯೇ ಅರಸಿದರು. ತಮ್ಮ ಶಿಷ್ಯ ಎ. ಜಯರಾಮನ್ ಅವರೊಡನೆ 1953ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಕಲ್ಲಿನೊಳಗಣ ಪದರಪದರವಾದ ರಚನೆಯೇ ಬಣ್ಣಕ್ಕೆ ಕಾರಣವೆಂದು ವಾದಿಸಿದರು. ರಚನೆಯಲ್ಲಿ ಕ್ರಮವಿದೆಯೆಂಬ ಅವರ ಊಹೆ ಸರಿಯೇ. ಆದರೆ ಕ್ರಮದ ಬಗೆ ಬೇರೆ. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಲಿಕದ ಪುಟ್ಟ ಗೋಲಗಳು ಕಂಡುವು. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಅಂಗಡಿಯವನು ನಿಂಬೆಹಣ್ಣುಗಳನ್ನು ಒಪ್ಪವಾಗಿ ಪೇರಿಸಿದಂತೆ ಅವು ಸಾಲುಗಟ್ಟಿ ಕುಳಿತಿದ್ದುವು. ಗೋಲಗಳು ದೊಡ್ಡವಾದರೆ ಕೆಂಪೂ ಹೊಳೆಯಬಲ್ಲುದು. ಚಿಕ್ಕವಾದರೆ ನೀಲಿ, ನೇರಿಳೆಗಳಷ್ಟೆ. ಗಾತ್ರ ಏರುಪೇರಾದರೆ ಸಾಲು ಕೆಡುತ್ತದೆ, ಬಣ್ಣವೂ ಮಾಯವಾಗುತ್ತದೆ. ಹೊಟ್ಟಿನ ಸಿಲಿಕಕ್ಕೆ ಈ ಶಿಸ್ತಿಲ್ಲ. ಇದೇ ವ್ಯತ್ಯಾಸ.

ಗುಟ್ಟು ತಿಳಿದ ಮೇಲೆ ಮನುಷ್ಯನ ಕೈ ಸುಮ್ಮನಿದ್ದೀತೆ? ಒಂದೇ ಗಾತ್ರದ ಗೋಲಗಳನ್ನು ಬೆಳೆಸುವ ಕ್ರಮವನ್ನು ಸ್ಟೋಬರ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಪಿಯರ್ ಗಿಲ್ಸನ್ 1974ರಲ್ಲಿ ಕೃತಕ ಓಪಲನ್ನು ಮಾರುಕಟ್ಟೆಗೆ ತಂದನು. ಇಂದು ಹವ್ಯಾಸಕ್ಕಾಗಿ ಮಾಡುವವರೂ ಇದ್ದಾರೆ. ಆಲ್ಕೊಹಾಲ್, ನೀರು, ಅಮೋನಿಯಗಳ ಮಿಶ್ರಣಕ್ಕೆ ಟೆಟ್ರಾಎಥಿಲ್ ಆರ್ಥೋಸಿಲಿಕೇಟ್ ಎಂಬ ದ್ರವವನ್ನು ಸೇರಿಸಿದರೆ, ಕೆಲವೇ ಗಂಟೆಗಳಲ್ಲಿ ಅದು ಹಾಲಿನಂತಾಗುತ್ತದೆ. ಅಲ್ಲಿಗೆ ಗೋಲಗಳು ಸಿದ್ಧ. ಮುಂದಿನದು ಮನುಷ್ಯನ ಕೆಲಸವಲ್ಲ, ಕಾಲದ್ದು. ಅವು ತಾವಾಗಿಯೇ ತಳಕ್ಕಿಳಿದು ಸಾಲುಗಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಕರೂರಿನಲ್ಲಿ ಹುಟ್ಟಿ, ಈಗ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ನನ್ನ ಸೋದರಳಿಯನಿಗೆ ಈ ಹುಚ್ಚು ಹತ್ತಿತು. ವೈಶಾಖದಲ್ಲಿ ತಂಗಿಯ ಮದುವೆ. ತಾನೇ ಮಾಡಿದ ಕಲ್ಲನ್ನು ಅವಳ ಉಂಗುರಕ್ಕೆ ಕೂರಿಸಬೇಕೆಂಬ ಆಸೆ. ಸಂಕ್ರಾಂತಿಗೆ ಇಟ್ಟ ಸೀಸೆಯ ತಳದಲ್ಲಿ ಫಾಲ್ಗುಣದ ಹೊತ್ತಿಗೆ ಹಸುರು ಹೊಳಪು ಕಂಡಿತು. ದಿನಗಳು ಉಳಿದಿರಲಿಲ್ಲ. ಮೇಲಿನ ದ್ರವವನ್ನು ಬಸಿದು ಬಿಸಿಲಿಗಿಟ್ಟ. ಸಂಜೆಗೆ ನೋಡಿದರೆ ಬತ್ತಿದ ಕೆರೆಯ ತಳದಂತೆ ಬಿರುಕು! ಮದುವೆಗೆ ಅಂಗಡಿಯ ಉಂಗುರವೇ ಬಂತು.

ಯುಗಾದಿಗೆ ಇನ್ನೊಂದು ಸೀಸೆ ಇಟ್ಟಿದ್ದನು. ಈ ಸಲ ಮುಚ್ಚಳಕ್ಕೆ ಸೂಜಿಯ ತೂತು ಮಾತ್ರ, ನೆರಳಿನಲ್ಲಿಯೇ ಆರಿಸಿದ. ದೀಪಾವಳಿಗೆ ಕಿರುಬೆರಳ ಉಗುರಿನಷ್ಟು ತುಣುಕು ದೊರೆಯಿತು. ಓರೆ ಮಾಡಿದರೆ ಹಸುರು, ಮತ್ತಷ್ಟು ಓರೆ ಮಾಡಿದರೆ ನೀಲಿ. ಆದರೆ ಸೀಮೆಸುಣ್ಣದಷ್ಟು ಮೆದು. ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಬಹುದಿತ್ತು. ಮತ್ತೆ ಬಿರಿದೀತೆಂದು ಅವನಿಗೆ ಧೈರ್ಯ ಬರಲಿಲ್ಲ. ಗಾಜಿನ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು, ಮೊದಲ ಹಬ್ಬಕ್ಕೆ ತವರಿಗೆ ಬಂದಿದ್ದ ತಂಗಿಯ ಕೈಗಿತ್ತನು.

“ಉಂಗುರಕ್ಕೆ ಆಗುವುದಿಲ್ಲವಮ್ಮ,” ಎಂದ.

“ಇರಲಿ ಬಿಡಣ್ಣ, ಉಂಗುರವಿದೆಯಲ್ಲ. ಇದನ್ನು ಯಾವ ಅಂಗಡಿಯಲ್ಲಿ ತರಲಿ?” ಎಂದಳು ಅವಳು.

ವಾಚಕರಲ್ಲಿ ಯಾರಿಗಾದರೂ ಈ ಹವ್ಯಾಸದ ಮನಸ್ಸಾದರೆ ಒಂದು ಎಚ್ಚರಿಕೆ. ಆ ಸಿಲಿಕೇಟಿನ ಆವಿ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು, ಅಮೋನಿಯವೂ ಸಾಧುವಲ್ಲ, ಆಲ್ಕೊಹಾಲ್ ಬೆಂಕಿಗೆ ನೆಂಟ. ಆದುದರಿಂದ ಅಡಿಗೆಮನೆ ಬೇಡ. ಆವಿಯನ್ನು ಹೊರಸೆಳೆಯುವ ಏರ್ಪಾಡುಳ್ಳ ಪ್ರಯೋಗಶಾಲೆಯಲ್ಲಿ, ಬಲ್ಲವರ ಎದುರಿನಲ್ಲಿ ಮಾತ್ರ ನಡೆಯಲಿ. ಉಳಿದುದಕ್ಕೆಲ್ಲ ಬೇಕಾದುದು ತಾಳ್ಮೆ. ಅದನ್ನು ಮಾತ್ರ ಯಾವ ಅಂಗಡಿಯವನೂ ತೂಗಿ ಕೊಡಲಾರ.