ಬೀಳುವ ವಿದ್ಯೆ

ಈಚೆಗೆ ಗೋಕರ್ಣದ ಓಂ ಬೀಚಿಗೆ ಹೋಗಿದ್ದಾಗ ಇಬ್ಬರು ಹುಡುಗರು ಮರಳಿನ ಮೇಲೆ ಟಿ.ವಿ.ಯ ಕುಸ್ತಿಯನ್ನು ಅನುಕರಿಸುತ್ತಿದ್ದರು. ನನಗೆ ಹಳೆಯ ತಪ್ಪೊಂದು ನೆನಪಾಯಿತು.

2007ರ ಸುಮಾರಿಗೆ ಶಿಷ್ಯನೊಬ್ಬ ಖಲಿಯ ಚಿತ್ರವನ್ನು ನೋಟುಬುಕ್ಕಿಗೆ ಅಂಟಿಸಿಕೊಂಡಿದ್ದ. “ಅದೆಲ್ಲ ಮೋಸ” ಎಂದು ತರಗತಿಯ ಎದುರೇ ಹೀಯಾಳಿಸಿದೆ.

ಆ ಕುಸ್ತಿಯಲ್ಲಿ ಸೋಲು ಗೆಲುವು ಮೊದಲೇ ನಿಶ್ಚಿತ. ಅದನ್ನು ನಡೆಸುವ ಅಮೆರಿಕದ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಗೆ ಇದು ಮನರಂಜನೆಯೆಂದು ತಿಳಿಸಿತ್ತು. ಆದರೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟದಲ್ಲಿ ಕೌರವನ ಸೋಲೂ ನಮಗೆ ಮೊದಲೇ ಗೊತ್ತಿರುತ್ತದೆ. ಅದನ್ನು ನಾವು ಮೋಸವೆನ್ನುವುದಿಲ್ಲ, ಕಲೆಯೆನ್ನುತ್ತೇವೆ. ನಮ್ಮ ಜಿಲ್ಲೆಯ ಹಳಿಯಾಳದ ಮಣ್ಣಿನ ಕುಸ್ತಿಯ ಮಾತು ಬೇರೆ. ಅಲ್ಲಿ ಬಲಾಬಲವೇ ತೀರ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ಅವಿವೇಕ.

ಹಿಮಾಚಲದ ದಲೀಪ್ ಸಿಂಗ್ ರಾಣಾ, ಎಂದರೆ ಆ ಖಲಿಯೇ, 2015ರಲ್ಲಿ ಜಲಂಧರಿನಲ್ಲಿ ಸ್ವಂತ ಕುಸ್ತಿಶಾಲೆ ತೆರೆದು ಪಂದ್ಯಗಳನ್ನೂ ನಡೆಸತೊಡಗಿದರು. ಅಲ್ಲಿ ಕಲಿತ ಹರಿಯಾಣದ ಕವಿತಾ ದೇವಿ 2017ರಲ್ಲಿ ಡಬ್ಲ್ಯುಡಬ್ಲ್ಯುಇ ಕಣಕ್ಕಿಳಿದ ಮೊದಲ ಭಾರತೀಯ ಮಹಿಳೆಯಾದರು. ಇಂಥ ವಿದ್ಯೆಯಲ್ಲಿ ಆರಂಭದ ಪಾಠವೇ ಬೀಳುವುದು: ಗದ್ದವನ್ನು ಎದೆಗೊತ್ತಿ, ತಲೆ ನೆಲಕ್ಕೆ ತಾಗದಂತೆ ಬೆನ್ನಗಲ ಬೀಳುವುದು. ಕಥೆ ಕಲ್ಪಿತವಾದರೂ ಬಿದ್ದ ಪೆಟ್ಟು ಕಲ್ಪಿತವಲ್ಲ.

ಆ ದಿನ ನಾನು ಹೇಳಬೇಕಾಗಿದ್ದುದು ಇದನ್ನೇ. ಮೋಸವೆಂದು ಕೇಳಿದ ಮಗು ಅಪಾಯವಿಲ್ಲವೆಂದು ತಿಳಿದು ಗೆಳೆಯನನ್ನು ಎತ್ತಿ ಒಗೆಯುತ್ತದೆ. ಓಂ ಬೀಚಿನ ಹುಡುಗರಿಗೆ ಇಷ್ಟನ್ನು ಹೇಳಿ ಬಂದೆ.

ಆ ಶಿಷ್ಯ ಇದನ್ನು ಓದುತ್ತಿದ್ದರೆ, ಮಗೂ, ಕ್ಷಮಿಸು. ಆ ಚಿತ್ರ ಇನ್ನೂ ಇದ್ದರೆ ಒಮ್ಮೆ ತಂದು ತೋರಿಸು.