ಕೆರೆಗೆ ನೀರು ಬಂತು, ಕೇರಿಗೆ?

ಬಬಲೇಶ್ವರ ಸೀಮೆಯ ಮಮದಾಪುರದ ಆದಿಲ್‌ಶಾಹಿ ಕೆರೆಗೆ 2010ರ ದಶಕದಲ್ಲಿ ಕೃಷ್ಣೆಯ ನೀರು ಏರಿ ಬಂತು. ಸಂತೋಷ. ಕೆರೆ ತುಂಬಿದರೆ ಸುತ್ತಲಿನ ಬಾವಿ, ಬೋರು ಬದುಕುತ್ತವೆ. ಬಾವಿ ಹೊಲ ಇದ್ದವರದು. ಹೊಲವೇ ಇಲ್ಲದ ಕೇರಿಗೇನು ಬಂತು?

ಹವಾಮಾನ ಕೆಟ್ಟೈತಿ ಅಂತಾರ. ಖರೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಬರ ಎಲ್ಲರಿಗೂ ಬರತೈತಿ; ಗುಳೇ ಮಾತ್ರ ಕೂಲಿಯವರ ಪಾಲು.

ಬರ ಎದುರಿಸುವ ಯೋಜನೆ ಬರೆಯುವುದು ಪಂಚಾಯ್ತಿ. ಬರೆದರೆ ಸಾಕೇ? ಚವದಾರ್ ಕೆರೆ ಎಲ್ಲರದೆಂದು ಮಹಾಡದ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರಲ್ಲಿ ಅಂಬೇಡ್ಕರ್ ಜನರೊಂದಿಗೆ ನಡೆದು ಆ ನೀರು ಮುಟ್ಟುವವರೆಗೆ ಅದು ಬರೀ ಕಾಗದ.

ಗ್ರಾಮಸಭೆಗೆ ನಡೀರಿ. ಕೆರೆ ನೀರಿನ ಮೊದಲ ಪಾಲು ಕೇರಿಯ ನಳಕ್ಕೆ, ಮೀನು-ಮೇವಿನ ಹಕ್ಕು ಹೊಲವಿಲ್ಲದವರಿಗೆ ಎಂದು ಬರೆಸಿರಿ. ಬರೆಸಿ ಮನೀಗೆ ಹೋಗಬ್ಯಾಡ್ರಿ. ನೀರು ಬರೋತನಕ ಅಲ್ಲೇ ಕೂಡ್ರಿ.