ದಪ್ಪ ಮಗುವಿಗೆ ಮೈದಾನ ಬೇಡವೇ?

"ಈ ಹುಡುಗ ಸೋಮಾರಿ, ಅದಕ್ಕೇ ಊದಿಕೊಂಡಿದ್ದಾನೆ" ಎಂಬ ಮಾತು ನಮ್ಮ ಕೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಹೊಟ್ಟೆಗಿಲ್ಲದ ಮಕ್ಕಳಿರುವ ದೇಶದಲ್ಲಿ ದಪ್ಪ ಮಕ್ಕಳ ಚಿಂತೆಯೇಕೆ, ಅದು ಸಾಹುಕಾರರ ಮನೆಯ ರೋಗವಲ್ಲವೇ ಎಂದು ನಮ್ಮ ಸಂಗಾತಿಗಳೇ ಕೇಳುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇಕಡ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು ನಾಚಿಕೆಗೇಡು, ಅದರ ವಿರುದ್ಧದ ಹೋರಾಟ ನಿಲ್ಲಕೂಡದು. ಆದರೆ ಅದೇ ವಯಸ್ಸಿನಲ್ಲಿ ಅತಿತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇಕಡ 2.1 ಇದ್ದದ್ದು 3.4ಕ್ಕೆ ಏರಿದೆ. ಕರಿದ ತಿಂಡಿಯ ಅಗ್ಗದ ಪೊಟ್ಟಣ ಸಾಹುಕಾರರ ಬೀದಿಯಲ್ಲಿ ಮಾತ್ರ ತೂಗಾಡುವುದಿಲ್ಲ. (ಅಂಗಡಿಯ ಬಂಧುಗಳು ಕೋಪಿಸಿಕೊಳ್ಳಬಾರದು. ಪೊಟ್ಟಣ ತಯಾರಿಸುವವರು ಅವರಲ್ಲ.)

ಓಡುವುದು, ಕುಪ್ಪಳಿಸುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಎಸೆಯುವುದು, ಹಿಡಿಯುವುದು ಇವೆಲ್ಲ ತಾವಾಗಿಯೇ ಪೂರ್ತಿ ಕೈಗೂಡುವ ವಿದ್ಯೆಗಳಲ್ಲ. ಅಕ್ಷರವನ್ನು ತಿದ್ದಿದಂತೆ ತಿದ್ದಬೇಕು. ಈ ಚಲನ ಕೌಶಲವನ್ನು ಅಳೆಯಲು ಜರ್ಮನಿಯಲ್ಲಿ ಕಿಫಾರ್ಡ್ ಮತ್ತು ಶಿಲ್ಲಿಂಗ್ ಎಂಬವರು 1974ರಲ್ಲಿ ಒಂದು ಪರೀಕ್ಷೆಯನ್ನು ರೂಪಿಸಿದರು. ಕಿರಿದಾದ ಮರದ ತೊಲೆಯ ಮೇಲೆ ಹಿಮ್ಮುಖವಾಗಿ ನಡೆಯಬೇಕು, ಒಂಟಿಕಾಲಿನಲ್ಲಿ ಎತ್ತರ ಹಾರಬೇಕು, ಅಕ್ಕಪಕ್ಕಕ್ಕೆ ಜಿಗಿಯಬೇಕು. ತೀರಾ ಕಿರಿದಾದ ತೊಲೆಯ ಅಗಲ 3 ಸೆಂಟಿಮೀಟರ್ ಮಾತ್ರ! ಬೆಲ್ಜಿಯಂನಲ್ಲಿ ಈ ಪರೀಕ್ಷೆ ನಡೆಸಿದಾಗ ಸ್ಥೂಲಕಾಯದ ಮಕ್ಕಳು ಹಿಂದೆ ಬಿದ್ದರು; ವಯಸ್ಸು ಏರಿದಂತೆ ಅಂತರವೂ ಹಿಗ್ಗಿತು. ಇದರಲ್ಲಿ ಆಶ್ಚರ್ಯವೇನು? ಹತ್ತು ಕಿಲೋ ಅಕ್ಕಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಕುಂಟೆಬಿಲ್ಲೆ ಆಡಿ ನೋಡಿ. ಆದರೆ ಚೆಂಡು ಎಸೆಯುವ, ಹಿಡಿಯುವ ಕೆಲಸದಲ್ಲಿ ಅದೇ ಮಗು ಅಷ್ಟೇನೂ ಹಿಂದಿರುವುದಿಲ್ಲ. ಕೈಹಿಡಿತದ ಬಲದಲ್ಲಿ ಎಷ್ಟೋ ವೇಳೆ ಮುಂದೆಯೇ ಇರುತ್ತದೆ. ಸೋಮಾರಿತನವಾಗಿದ್ದರೆ ಎಲ್ಲದರಲ್ಲಿಯೂ ಕಾಣಬೇಕಿತ್ತಲ್ಲ?

ಮಗು ಎಡವುತ್ತದೆ, ಗುಂಪು ನಗುತ್ತದೆ, ಮಗು ಹೋಗಿ ಗೋಡೆಗೆ ಒರಗುತ್ತದೆ. ಒರಗಿ ನಿಂತದ್ದು ಕಲಿಯುವುದಿಲ್ಲ, ಕಲಿಯದ್ದು ಆಡುವುದಿಲ್ಲ, ತೂಕ ಇನ್ನಷ್ಟು ಏರುತ್ತದೆ. ಕಬಡ್ಡಿಗೆ ತಂಡ ಆರಿಸುವಾಗ ಕೊನೆಗೆ ಉಳಿಯುವ ಹುಡುಗ ಯಾರೆಂಬುದನ್ನು ಮೇಷ್ಟರಾಗಿದ್ದ ನಾವು ಬಲ್ಲೆವು. ಅಂಥವನಿಗೆ ಮೈದಾನದ ಸುತ್ತ ಓಡುವ ಶಿಕ್ಷೆ ಕೊಟ್ಟು "ಕೊಬ್ಬು ಇಳಿಯಲಿ" ಎನ್ನುವವರನ್ನೂ ಬಲ್ಲೆವು. ಅವನನ್ನು ಲಗೋರಿಗೆ ಕರೆಯಿರಿ, ಮೊದಲ ಎಸೆತ ಅವನಿಗೇ ಕೊಡಿ. ಗುರಿಯಿಟ್ಟು ಹೊಡೆದವನು ಓಡಲು ತಾನೇ ಮನಸ್ಸು ಮಾಡುತ್ತಾನೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲಿ ಆಡಬೇಕು? ಮಿಲ್ಲಿನ ಕಾರ್ಮಿಕನ ಒಂದು ಕೋಣೆಯ ಮನೆಯಲ್ಲಿಯೇ? ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೇ? ಉಳಿದದ್ದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವನ್ನು ಸ್ಪಷ್ಟವಾಗಿ ಬರೆದಿದೆ. ಖಾಸಗಿ ಶಾಲೆಗೂ ಅದು ಅನ್ವಯಿಸುತ್ತದೆ. ಆದರೂ ಮಳಿಗೆಗಳ ಮೇಲಿನ ಮಹಡಿಯಲ್ಲಿ ಶಾಲೆ ನಡೆಸಿ ಫೀಸು ವಸೂಲು ಮಾಡುವವರಿದ್ದಾರೆ. ಮೈದಾನವಿರುವಲ್ಲಿ ಡ್ರಿಲ್ ಪೀರಿಯಡ್ಡನ್ನು ಗಣಿತ ನುಂಗುತ್ತದೆ.

ಪೋಷಕರ ಮುಂದಿನ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಮಾಡುವ ಮುಂಚೆ ಮುಖ್ಯೋಪಾಧ್ಯಾಯರಲ್ಲಿ ಲೆಕ್ಕ ಕೇಳಿರಿ: ವಾರಕ್ಕೆ ಎಷ್ಟು ಆಟದ ಪೀರಿಯಡ್ಡುಗಳು ವೇಳಾಪಟ್ಟಿಯಲ್ಲಿವೆ, ಎಷ್ಟು ನಡೆದಿವೆ, ನಡೆದವುಗಳಲ್ಲಿ ತರಗತಿಯ ದಪ್ಪ ಮಗು ಎಷ್ಟು ಹೊತ್ತು ಆಡಿದೆ?